ರಾಬರ್ಟ್-ಹೂಡಿನ್

ಜೀನ್ ಯೂಜೀನ್ ರಾಬರ್ಟ್-ಹೂಡಿನ್ (ಡಿಸೆಂಬರ್ ೭, ೧೮೦೫ – ಜೂನ್ ೧೩, ೧೮೭೧) ಫ್ರಾನ್ಸ್ ದೇಶದ ಪ್ರಸಿದ್ಧ ಐಂದ್ರಜಾಲಿಕ, ಗಡಿಯಾರ ತಯಾರಕ ಹಾಗೂ ಲೇಖಕ. ಇವರನ್ನು ಆಧುನಿಕ ಇಂದ್ರಜಾಲದ ಜನಕರೆಂದು ಕರೆಯಲಾಗುತ್ತದೆ. ಸಂತೆ, ಜಾತ್ರೆಗಳಲ್ಲಿ ನಡೆಯುತ್ತಿದ್ದ ಜಾದೂವಿಗೆ ರಂಗಮಂದಿರದ ಗೌರವವನ್ನು ತಂದುಕೊಟ್ಟವರಲ್ಲಿ ಇವರು ಪ್ರಮುಖರು.

ಬಾಲ್ಯ ಮತ್ತು ಶಿಕ್ಷಣ

ಬ್ಲುವಾ ನಗರದಲ್ಲಿ ಜನಿಸಿದ ಇವರ ಮೂಲ ಹೆಸರು ಜೀನ್ ಯೂಜೀನ್ ರಾಬರ್ಟ್. ತಂದೆ ಪ್ರಾಸ್ಪರ್ ರಾಬರ್ಟ್ ಗಡಿಯಾರ ತಯಾರಕರು. ಚಿಕ್ಕಂದಿನಲ್ಲಿಯೇ ತಾಯಿಯನ್ನು ಕಳೆದುಕೊಂಡ ಇವರು ಹನ್ನೊಂದನೆಯ ವಯಸ್ಸಿನಲ್ಲಿ ಓರ್ಲಿಯನ್ಸ್ ನಗರದ ಶಾಲೆಯನ್ನು ಸೇರಿ, ಹದಿನೆಂಟನೆಯ ವಯಸ್ಸಿನಲ್ಲಿ ಶಿಕ್ಷಣವನ್ನು ಪೂರೈಸಿದರು. ಮಗನು ವಕೀಲನಾಗಬೇಕೆಂಬುದು ತಂದೆಯ ಆಸೆಯಾಗಿತ್ತು. ಅದರಂತೆ ಕಾನೂನು ಕಚೇರಿಯಲ್ಲಿ ಗುಮಾಸ್ತರಾದರೂ ಅವರ ಮನಸ್ಸು ಯಂತ್ರಗಳತ್ತಲೇ ಇದ್ದಿತು. ಕೊನೆಗೆ ಸೋದರ ಸಂಬಂಧಿಯೊಬ್ಬರ ಬಳಿ ಗಡಿಯಾರದ ಕಸುಬನ್ನು ಕಲಿಯತೊಡಗಿದರು.

ಪುಸ್ತಕದಿಂದ ಕಲಿತ ಕೈಚಳಕ

ಕಸುಬನ್ನು ಆಳವಾಗಿ ಅರಿಯಲು ಫರ್ಡಿನೆಂಡ್ ಬರ್ತೂ ಎಂಬ ತಜ್ಞರು ರಚಿಸಿದ್ದ ಗಡಿಯಾರ ಶಾಸ್ತ್ರದ ಗ್ರಂಥವನ್ನು ಕೊಳ್ಳಲು ಇವರು ಹಣ ಕೂಡಿಟ್ಟಿದ್ದರು. ಅವರ ಆತ್ಮಕಥೆಯ ಪ್ರಕಾರ, ಪುಸ್ತಕ ವ್ಯಾಪಾರಿಯು ಕೊಟ್ಟ ಕಟ್ಟನ್ನು ಮನೆಯಲ್ಲಿ ಬಿಚ್ಚಿ ನೋಡಿದಾಗ ಅದರಲ್ಲಿದ್ದುದು ವೈಜ್ಞಾನಿಕ ವಿನೋದಗಳನ್ನು ಕುರಿತ ಬೇರೊಂದು ಗ್ರಂಥದ ಎರಡು ಸಂಪುಟಗಳು. ಇಸ್ಪೀಟೆಲೆಗಳ ಚಮತ್ಕಾರ, ಪರರ ಮನಸ್ಸಿನಲ್ಲಿರುವುದನ್ನು ಹೇಳುವುದು ಮುಂತಾದ ವಿಷಯಗಳು ಅದರಲ್ಲಿದ್ದವು. ಅವರು ಪುಸ್ತಕವನ್ನು ಹಿಂದಿರುಗಿಸದೆ ರಾತ್ರಿಯಿಡೀ ಓದಿದರು.

ಆದರೆ ಆ ಗ್ರಂಥದಲ್ಲಿ ಚಮತ್ಕಾರದ ಗುಟ್ಟು ಇದ್ದಿತೇ ಹೊರತು, ಅದನ್ನು ಸಾಧಿಸಲು ಬೆರಳುಗಳನ್ನು ಪಳಗಿಸುವ ಕ್ರಮ ಇರಲಿಲ್ಲ. ಗುಟ್ಟು ತಿಳಿದ ಮಾತ್ರಕ್ಕೆ ಕೈ ಪಳಗುವುದಿಲ್ಲವೆಂಬುದನ್ನು ಅವರು ಬೇಗನೆ ಅರಿತರು. ಊರಿನಲ್ಲಿದ್ದ ಮಾಊ ಎಂಬ ಹವ್ಯಾಸಿಯಿಂದ ಚೆಂಡುಗಳನ್ನು ಗಾಳಿಯಲ್ಲಿ ಎಸೆದು ಹಿಡಿಯುವ ವಿದ್ಯೆಯನ್ನು ಕಲಿತರು. ನಾಲ್ಕು ಚೆಂಡುಗಳನ್ನು ಆಡಿಸುತ್ತಲೇ ಎದುರಿಗಿಟ್ಟ ಪುಸ್ತಕವನ್ನು ಓದುವಷ್ಟು ಪರಿಣತಿ ಅವರಿಗೆ ಸಿದ್ಧಿಸಿತು. ಕೋಟಿನ ಅಗಲವಾದ ಜೇಬುಗಳಲ್ಲಿ ಎಲೆಗಳನ್ನೂ ನಾಣ್ಯಗಳನ್ನೂ ಇಟ್ಟುಕೊಂಡು, ನಡೆದಾಡುವಾಗಲೂ ಬೆರಳುಗಳಿಗೆ ಅಭ್ಯಾಸ ಮಾಡಿಸುತ್ತಿದ್ದರು.

ಅದೇ ಆತ್ಮಕಥೆಯಲ್ಲಿ ತೊರಿನಿ ಎಂಬ ಸಂಚಾರಿ ಐಂದ್ರಜಾಲಿಕರು ತಮಗೆ ಗುರುವಾಗಿದ್ದರೆಂದು ಅವರು ವಿಸ್ತಾರವಾಗಿ ಬರೆದಿದ್ದಾರೆ. ಆದರೆ ಇದು ಕಲ್ಪಿತ ಪಾತ್ರವೆಂಬುದು ಬಹುಪಾಲು ಇತಿಹಾಸಕಾರರ ಅಭಿಪ್ರಾಯ.

ವೃತ್ತಿಜೀವನ

೧೮೩೦ರಲ್ಲಿ ಪ್ಯಾರಿಸ್ಸಿನ ಗಡಿಯಾರ ತಯಾರಕರಾದ ಹೂಡಿನ್ ಅವರ ಮಗಳು ಸೆಸಿಲ್ ಅವರನ್ನು ವಿವಾಹವಾದರು. ಪತ್ನಿಯ ಮನೆತನದ ಹೆಸರನ್ನು ತಮ್ಮ ಹೆಸರಿಗೆ ಸೇರಿಸಿಕೊಂಡು ರಾಬರ್ಟ್-ಹೂಡಿನ್ ಎನಿಸಿದರು. ತಾನಾಗಿಯೇ ಬರೆಯುವ ಮತ್ತು ಚಿತ್ರ ಬಿಡಿಸುವ ಯಂತ್ರಮಾನವನನ್ನು ನಿರ್ಮಿಸಿ ೧೮೪೪ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಇಟ್ಟರು. ಮುಂದೆ ಅದನ್ನು ಅಮೆರಿಕದ ಪಿ. ಟಿ. ಬಾರ್ನಮ್ ಕೊಂಡುಕೊಂಡರು.

೧೮೪೫ರ ಜುಲೈ ೩ರಂದು ಪ್ಯಾರಿಸ್ಸಿನ ಪಾಲೆ-ರೊಯಾಲ್‌ನಲ್ಲಿ ತಮ್ಮದೇ ಪುಟ್ಟ ರಂಗಮಂದಿರವನ್ನು ತೆರೆದರು. ಮಾಂತ್ರಿಕರ ನಿಲುವಂಗಿಯನ್ನು ಬಿಟ್ಟು, ಅಂದಿನ ಸಭ್ಯ ಗೃಹಸ್ಥರ ಸಂಜೆಯ ಉಡುಪಿನಲ್ಲಿ ರಂಗವನ್ನೇರಿದುದು ಅವರ ವಿಶೇಷ. ೧೮೪೬ರಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಮಗ ಎಮಿಲ್, ಪ್ರೇಕ್ಷಕರ ಕೈಯಲ್ಲಿದ್ದ ವಸ್ತುಗಳನ್ನು ಗುರುತಿಸುವ ಪ್ರಯೋಗವು ಜನಪ್ರಿಯವಾಯಿತು. ಮರುವರ್ಷ, ಈಥರ್ ಔಷಧಿಯ ಬಲದಿಂದ ಮಗನ ದೇಹ ಹಗುರವಾಗಿದೆಯೆಂದು ಹೇಳಿ, ಕೋಲೊಂದರ ಮೇಲೆ ಮೊಣಕೈಯೂರಿದ ಹುಡುಗನನ್ನು ಗಾಳಿಯಲ್ಲಿ ಮಲಗಿಸಿ ತೋರಿಸಿದರು. ಇದನ್ನು ಹೋಲುವ ಪ್ರಯೋಗವನ್ನು ಮದ್ರಾಸಿನಲ್ಲಿ ಶೇಷಲ್ ಎಂಬ ಬ್ರಾಹ್ಮಣರು ೧೮೩೦ರ ದಶಕದ ಆರಂಭದಲ್ಲಿಯೇ ಪ್ರದರ್ಶಿಸಿದ್ದ ವರದಿಗಳಿವೆ.

ಅಲ್ಜೀರಿಯ ಪ್ರವಾಸ

೧೮೫೬ರಲ್ಲಿ ಫ್ರೆಂಚ್ ಸರ್ಕಾರದ ಕೋರಿಕೆಯಂತೆ ಅಲ್ಜೀರಿಯಕ್ಕೆ ತೆರಳಿದರು. ಮರಾಬುತ್ ಎಂಬ ಧಾರ್ಮಿಕ ಮುಖಂಡರ ಪ್ರಭಾವವನ್ನು ಕುಗ್ಗಿಸಿ, ಫ್ರೆಂಚರ ಶಕ್ತಿಯೇ ಹೆಚ್ಚೆಂದು ಜನರನ್ನು ನಂಬಿಸುವುದು ಇದರ ಉದ್ದೇಶ. ಚಿಕ್ಕ ಪೆಟ್ಟಿಗೆಯೊಂದನ್ನು ಎತ್ತಲು ಬಂದ ಬಲಿಷ್ಠನಿಗೆ ಒಮ್ಮೆ ಅದು ಹಗುರವಾಗಿಯೂ, ಮತ್ತೊಮ್ಮೆ ಅಲುಗಾಡಿಸಲಾಗದಂತೆಯೂ ತೋರಿತು. ವೇದಿಕೆಯ ಕೆಳಗೆ ಅಡಗಿಸಿದ್ದ ವಿದ್ಯುತ್ಕಾಂತವೇ ಅದರ ಗುಟ್ಟು. ವಿಜ್ಞಾನವನ್ನು ಬಳಸಿ ವಸಾಹತು ಆಳ್ವಿಕೆಗೆ ನೆರವಾದ ಈ ಪ್ರವಾಸವು ಇಂದು ವಿಮರ್ಶೆಗೂ ಒಳಗಾಗಿದೆ.

ಕೃತಿಗಳು

೧೮೫೮ರಲ್ಲಿ ಆತ್ಮಕಥೆಯನ್ನೂ, ೧೮೬೧ರಲ್ಲಿ ಇಸ್ಪೀಟಾಟದ ಮೋಸಗಳನ್ನು ಬಯಲಿಗೆಳೆಯುವ ಕೃತಿಯನ್ನೂ ಪ್ರಕಟಿಸಿದರು. ೧೮೬೮ರಲ್ಲಿ ಬಂದ ಇಂದ್ರಜಾಲದ ರಹಸ್ಯಗಳನ್ನು ಕುರಿತ ಗ್ರಂಥದಲ್ಲಿ ಅಂಗೈಯಲ್ಲಿ ಎಲೆಯನ್ನು ಮರೆಮಾಡುವುದು, ಕಟ್ಟಿನ ಎರಡು ಭಾಗಗಳನ್ನು ಕಾಣದಂತೆ ಅದಲುಬದಲು ಮಾಡುವುದು ಇತ್ಯಾದಿಗಳ ಕ್ರಮಬದ್ಧ ವಿವರಣೆಯಿದೆ. ತಾವು ಕಲಿತ ಪುಸ್ತಕದಲ್ಲಿದ್ದ ಕೊರತೆಯನ್ನು ಈ ಗ್ರಂಥದಲ್ಲಿ ಅವರು ತುಂಬಿದರು. ಇದನ್ನು ಪ್ರೊಫೆಸರ್ ಹಾಫ್‌ಮನ್ ಎಂಬ ಕಾವ್ಯನಾಮದ ವಕೀಲ ಆಂಜೆಲೊ ಲೂಯಿಸ್ ಇಂಗ್ಲಿಷಿಗೆ ಅನುವಾದಿಸಿದರು.

ಕೊನೆಯ ದಿನಗಳು ಮತ್ತು ಪ್ರಭಾವ

ನಿವೃತ್ತಿಯ ನಂತರ ಬ್ಲುವಾ ಸಮೀಪದ ಸೇಂಟ್-ಜರ್ವೆಯಲ್ಲಿ ನೆಲೆಸಿ ವಿದ್ಯುತ್ ಗಡಿಯಾರ, ನೇತ್ರ ಪರೀಕ್ಷೆಯ ಉಪಕರಣ ಮೊದಲಾದವುಗಳ ಪ್ರಯೋಗದಲ್ಲಿ ತೊಡಗಿದರು. ೧೮೭೦ರ ಫ್ರಾನ್ಸ್-ಪ್ರಷ್ಯ ಯುದ್ಧದಲ್ಲಿ ಗಾಯಗೊಂಡ ಮಗ ಯೂಜೀನ್ ಮರಣ ಹೊಂದಿದರು. ಮರುವರ್ಷ ರಾಬರ್ಟ್-ಹೂಡಿನ್ ನ್ಯುಮೋನಿಯದಿಂದ ನಿಧನರಾದರು.

ಇವರ ಆತ್ಮಕಥೆಯನ್ನು ಓದಿ ಪ್ರಭಾವಿತನಾದ ಎರಿಕ್ ವೈಸ್ ಎಂಬ ಯುವಕ ಹೂಡಿನಿ ಎಂಬ ಹೆಸರಿನಿಂದ ವಿಶ್ವಖ್ಯಾತನಾದನು. ಆದರೆ ೧೯೦೮ರಲ್ಲಿ ಅದೇ ಹೂಡಿನಿ, ರಾಬರ್ಟ್-ಹೂಡಿನ್ ಅವರ ಅನೇಕ ಪ್ರಯೋಗಗಳು ಅವರ ಸ್ವಂತದ್ದಲ್ಲವೆಂದು ವಾದಿಸಿ ಪುಸ್ತಕವನ್ನು ಬರೆದನು. ಅವರ ಹೆಸರಿನ ರಂಗಮಂದಿರವನ್ನು ೧೮೮೮ರಲ್ಲಿ ಕೊಂಡ ಜಾರ್ಜ್ ಮೆಲಿಯೆಸ್ ಮುಂದೆ ಚಲನಚಿತ್ರ ಕಲೆಯ ಆದ್ಯರಲ್ಲಿ ಒಬ್ಬರಾದರು. ಬ್ಲುವಾದಲ್ಲಿ ಇಂದು ಇಂದ್ರಜಾಲಕ್ಕೆ ಮೀಸಲಾದ ವಸ್ತುಸಂಗ್ರಹಾಲಯವಿದೆ.