ಕೆಳದಿಯ ಚೆನ್ನಮ್ಮಾಜಿಯೂ ಆಕೆಯ ದತ್ತಪುತ್ರನೂ

ಕನ್ನಡನಾಡಿನ ವೀರಶೈವ ಅರಸುಮನೆತನಗಳಲ್ಲಿ ಕೆಳದಿಯದು ಅಗ್ರಗಣ್ಯವಾದುದು. 1499ರಲ್ಲಿ ಚೌಡಪ್ಪನಾಯಕನಿಂದ ಮೊದಲಾದ ಈ ಸಂಸ್ಥಾನವು ಕೆಳದಿ, ಇಕ್ಕೇರಿ, ಬಿದನೂರುಗಳನ್ನು ಕ್ರಮವಾಗಿ ರಾಜಧಾನಿಯನ್ನಾಗಿ ಮಾಡಿಕೊಂಡು, ಶಿಸ್ತಿನ ಶಿವಪ್ಪನಾಯಕನ ಕಾಲದಲ್ಲಿ ಉನ್ನತಿಯ ಶಿಖರವನ್ನೇರಿತು. ಇಂತಹ ಸಿಂಹಾಸನವು ಉತ್ತರಾಧಿಕಾರಿಯಿಲ್ಲದೆ ಶೂನ್ಯವಾಗುವ ಸಂಕಟವೊದಗಿದಾಗ ಅದನ್ನು ಕಾಪಾಡಿದ ಚೆನ್ನಮ್ಮಾಜಿಯು ರಾಜವಂಶದಲ್ಲಿ ಜನಿಸಿದವಳಲ್ಲ. ಆಕೆಯು ಸಿದ್ದಪ್ಪಶೆಟ್ಟಿಯೆಂಬ ಶಿವಭಕ್ತನ ಮಗಳು.

ಶಿವಪ್ಪನಾಯಕನ ಮಗನಾದ ಸೋಮಶೇಖರನಾಯಕನು ಚೆನ್ನಮ್ಮಾಜಿಯನ್ನು ವರಿಸಿ ಅರಮನೆಗೆ ಕರೆತಂದನು. ಆದರೆ ಅರಸನು ಕಾಲಕ್ರಮದಲ್ಲಿ ವ್ಯಸನಕ್ಕೂ ವ್ಯಾಧಿಗೂ ತುತ್ತಾಗಿ ರಾಜ್ಯಭಾರದಲ್ಲಿ ವಿಮುಖನಾಗಲು, ಹಿತಶತ್ರುಗಳು ಒಳಗೂ ಬಿಜಾಪುರದ ಸೈನ್ಯವು ಹೊರಗೂ ಹೊಂಚುಹಾಕಿದವು. ಕಡೆಗೆ ಆತನು ಹತನಾದನು. ದಂಪತಿಗಳಿಗೆ ಸಂತಾನವಿರಲಿಲ್ಲ. ಪ್ರಬಲರಾದ ಅಧಿಕಾರಿಗಳು ತಮ್ಮ ತಮ್ಮ ಕಡೆಯ ಬಾಲಕರನ್ನು ಪಟ್ಟಕ್ಕೇರಿಸಲು ಹವಣಿಸುತ್ತಿರಲು, ಚೆನ್ನಮ್ಮಾಜಿಯು ಎದೆಗುಂದದೆ ಭುವನಗಿರಿದುರ್ಗವನ್ನು ಸೇರಿ, ನಿಷ್ಠಾವಂತರ ನೆರವಿನಿಂದ 1671ರ ಸುಮಾರಿಗೆ ರಾಜ್ಯಭಾರವನ್ನು ತಾನೇ ವಹಿಸಿಕೊಂಡಳು. ಬಳಿಕ ಬಿದನೂರೂ ಆಕೆಯ ಕೈಸೇರಿತು.

ರಾಜ್ಯವು ಉಳಿದರೂ ಮುಂದಿನ ಅರಸನು ಯಾರೆಂಬ ಪ್ರಶ್ನೆಯು ಉಳಿದೇ ಇದ್ದಿತು. ಅನ್ಯರ ಕೈಗೊಂಬೆಯಾಗಬಲ್ಲ ಬಾಲಕನನ್ನು ಒಪ್ಪಿದ್ದರೆ ರಾಜ್ಯವನ್ನೇ ಅವರಿಗೆ ಒಪ್ಪಿಸಿದಂತಾಗುತ್ತಿತ್ತು. ಆದುದರಿಂದ ಆಕೆಯು ಮಾರ್ಕಪ್ಪಶೆಟ್ಟಿಯೆಂಬ ಗೃಹಸ್ಥನ ಮಗನಾದ ಬಸವಪ್ಪನನ್ನು ದತ್ತಕ್ಕೆ ತೆಗೆದುಕೊಂಡು ಸ್ವಂತ ಮಗನಂತೆ ಸಾಕಿದಳು. ವರ್ತಕರ ಮನೆಯಿಂದ ಬಂದು ರಾಣಿಯಾದವಳು, ಅಂತಹುದೇ ಮನೆಯ ಶಿಶುವನ್ನು ಅರಸನನ್ನಾಗಿ ಮಾಡಲು ಸಂಕಲ್ಪಿಸಿದಳು.

ಜನ್ಮಕ್ಕಿಂತ ಸಂಸ್ಕಾರವೇ ಮಿಗಿಲೆಂಬುದು ವೀರಶೈವರಿಗೆ ಹೊಸ ಮಾತೇನಲ್ಲ. ಗುರುವು ಲಿಂಗದೀಕ್ಷೆಯನ್ನಿತ್ತ ಶಿಷ್ಯನು ಗುರುವಿನ ಕರಕಮಲಸಂಜಾತನೆನಿಸುವನು; ವಿರಕ್ತಪೀಠಗಳ ಪರಂಪರೆಯು ಈ ಕ್ರಮದಿಂದಲೇ ಮುಂದುವರಿಯುವುದು. ಪೀಠಕ್ಕೆ ಶಿಷ್ಯನು ಹೇಗೋ ಚೆನ್ನಮ್ಮಾಜಿಯ ಸಿಂಹಾಸನಕ್ಕೆ ಬಸವಪ್ಪನು ಹಾಗೆ. ಆದರೆ ಮರಿಯನ್ನು ಮಾಡಿಕೊಂಡ ಮಾತ್ರಕ್ಕೆ ಗುರುವಿನ ಕೆಲಸವು ಮುಗಿಯುವುದಿಲ್ಲ. ಆಕೆಯು ಸುಮಾರು 25 ವರ್ಷಗಳ ಕಾಲ ಆಳಿ, ಜಂಗಮರಿಗೆ ಮಠಗಳನ್ನು ಕಟ್ಟಿಸಿ, ದೇವಾಲಯಗಳಿಗೆ ಉಂಬಳಿಗಳನ್ನು ಬಿಟ್ಟು, ಧರ್ಮವನ್ನು ನಡೆಯಿಂದಲೇ ಕಲಿಸಿದಳು.

ಆ ಶಿಕ್ಷಣದ ಮಹಾಪಾಠವು 1689ರಲ್ಲಿ ನಡೆಯಿತು. ಛತ್ರಪತಿ ಶಿವಾಜಿಯ ಮಗನಾದ ರಾಜಾರಾಮನು ಮೊಗಲರಿಂದ ತಪ್ಪಿಸಿಕೊಂಡು ಜಿಂಜಿಗೆ ಹೋಗುವ ದಾರಿಯಲ್ಲಿ ಕೆಳದಿಯ ಸೀಮೆಗೆ ಬಂದು ಆಶ್ರಯವನ್ನು ಬೇಡಿದನು. ಔರಂಗಜೇಬನ ಕೋಪಕ್ಕೆ ಗುರಿಯಾದರೆ ರಾಜ್ಯಕ್ಕೂ, ಮಗನ ಪಟ್ಟಕ್ಕೂ ಹಾನಿಯೆಂಬುದನ್ನು ಅರಿತೇ ಆಕೆಯು ಶರಣಾಗತನನ್ನು ಕಾಪಾಡಿ ಸುರಕ್ಷಿತವಾಗಿ ಮುಂದಕ್ಕೆ ಕಳುಹಿಸಿದಳು. ಬೆನ್ನಟ್ಟಿ ಬಂದ ಮೊಗಲ ಸೈನ್ಯವನ್ನು ಕೆಳದಿಯ ಪಡೆಯು ಎದುರಿಸಿತು. ಕಡೆಗೆ ಸಂಧಿಯಾಗಿ ರಾಜ್ಯವು ಉಳಿಯಿತು.

ಚೆನ್ನಮ್ಮಾಜಿಯು ಶಿವೈಕ್ಯಳಾದ ಬಳಿಕ 1697ರ ಸುಮಾರಿಗೆ ಬಸವಪ್ಪನಾಯಕನು ಪಟ್ಟವನ್ನೇರಿ 1714ರ ವರೆಗೆ ಆಳಿದನು. ಆತನು 1709ರಲ್ಲಿ ರಚಿಸಿದ ಶಿವತತ್ತ್ವರತ್ನಾಕರವೆಂಬ ಸಂಸ್ಕೃತ ಗ್ರಂಥವು 9 ಕಲ್ಲೋಲಗಳಲ್ಲಿ ಶೈವತತ್ತ್ವ, ರಾಜನೀತಿ, ಶಿಲ್ಪ, ಸಂಗೀತ, ವೈದ್ಯ, ಪಾಕಶಾಸ್ತ್ರಗಳನ್ನೂ ಕೆಳದಿಯ ರಾಜವಂಶದ ಚರಿತ್ರೆಯನ್ನೂ ನಿರೂಪಿಸುವ ವಿಶ್ವಕೋಶವಾಗಿದೆ. ಮಗನಾದ ಸೋಮಶೇಖರನು ಕೇಳಿದ ಪ್ರಶ್ನೆಗಳಿಗೆ ತಂದೆಯು ಹೇಳಿದ ಉತ್ತರಗಳ ರೂಪದಲ್ಲಿ ಅದು ರಚಿತವಾಗಿದೆ. ದತ್ತುಬಂದವನು ತಾನು ಸೇರಿದ ವಂಶದ ಕಥೆಯನ್ನು ತನ್ನದೆಂದೇ ಬರೆದು, ಅದನ್ನು ಮಗನಿಗೆ ಉಪದೇಶಿಸಿದನು. ದತ್ತಕವು ಫಲಿಸಿತೆಂಬುದಕ್ಕೆ ಇದಕ್ಕಿಂತ ಹಿರಿದಾದ ಸಾಕ್ಷಿಯು ಬೇಕಾಗಿಲ್ಲ.

ದತ್ತಕವೊಂದರಿಂದಲೇ ರಾಜ್ಯವು ಉಳಿಯುವುದೆಂದೂ ಹೇಳಲಾಗದು. ವೀರಮ್ಮಾಜಿಯೂ ದತ್ತಪುತ್ರನನ್ನು ಮುಂದಿಟ್ಟುಕೊಂಡು ಆಳುತ್ತಿರುವಾಗಲೇ 1763ರಲ್ಲಿ ಹೈದರಾಲಿಯು ಬಿದನೂರನ್ನು ವಶಮಾಡಿಕೊಂಡನು. ಪಡೆದ ಮಗನೇ ಆಗಲಿ, ಪಡೆದುಕೊಂಡ ಮಗನೇ ಆಗಲಿ, ಅವನನ್ನು ಬೆಳೆಸುವುದಕ್ಕೆ ಕಾಲವೂ ಕೈಗೂಡಬೇಕು. ಚೆನ್ನಮ್ಮಾಜಿಯು ಆ ಕಾಲವನ್ನು ತನ್ನ ಧೈರ್ಯದಿಂದ ಗಳಿಸಿಕೊಂಡಳು. ಗಳಿಸಿದುದನ್ನು ಮಗನಿಗಾಗಿ ಸವೆಸಿದಳು.