ಬೇರಿನ ಗಂಟನ್ನು ಬಿಡಿಸಿದ ಬೈಯರಿಂಕ್

ಅಲಸಂಡೆಯ ಗಿಡವನ್ನು ಬೇರು ಹರಿಯದಂತೆ ಕಿತ್ತು ಮಣ್ಣು ತೊಳೆದರೆ, ಬೇರಿನಲ್ಲಿ ಅಲ್ಲಲ್ಲಿ ಸಣ್ಣ ಗಂಟುಗಳು ಕಾಣುತ್ತವೆ. ಗಂಟನ್ನು ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪು ಇದ್ದರೆ ಅಲ್ಲಿ ಕೆಲಸ ನಡೆಯುತ್ತಿದೆ ಎಂದು ತಿಳಿಯಬೇಕು. ಗಾಳಿಯಲ್ಲಿ ಶೇಕಡಾ 78ರಷ್ಟಿರುವ ಸಾರಜನಕವನ್ನು ಗಿಡಕ್ಕೆ ಒಗ್ಗುವ ರೂಪಕ್ಕೆ ತರುವ ಜೀವಾಣುಗಳು ಅದರೊಳಗೆ ಇವೆ. ಈ ಜೀವಾಣುವನ್ನು ಗಂಟಿನಿಂದ ಬೇರ್ಪಡಿಸಿ ಮೊತ್ತಮೊದಲು ಬೆಳೆಸಿದವರು ಹಾಲೆಂಡಿನ ಮಾರ್ಟಿನಸ್ ವಿಲ್ಲೆಮ್ ಬೈಯರಿಂಕ್.

1851ರ ಮಾರ್ಚ್ 16ರಂದು ಆಮ್ಸ್ಟರ್‌ಡಾಮಿನಲ್ಲಿ ಅವರ ಜನನ. ತಂದೆಯದು ಹೊಗೆಸೊಪ್ಪಿನ ವ್ಯಾಪಾರ. ಅದು ಮುಳುಗಿ ಮನೆಗೆ ಬಡತನ ಬಂತು. ಮಗನನ್ನು ಶಾಲೆಗೆ ಕಳುಹಿಸದೆ ತಂದೆಯೇ ಕೆಲವು ವರ್ಷ ಮನೆಯಲ್ಲಿ ಪಾಠ ಹೇಳಿದರು. ಮುಂದೆ ಡೆಲ್ಫ್ಟ್ ನಗರದಲ್ಲಿ ರಸಾಯನಶಾಸ್ತ್ರ ಓದುವಾಗ ಬೈಯರಿಂಕರ ಸಹಪಾಠಿ ವಾಂಟ್ ಹಾಫ್, 1901ರಲ್ಲಿ ರಸಾಯನಶಾಸ್ತ್ರದ ಮೊದಲ ನೊಬೆಲ್ ಪಾರಿತೋಷಕ ಪಡೆದವರು. 1877ರಲ್ಲಿ ಲೈಡನ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದರು. ಗಿಡಗಳಲ್ಲಿ ಕೀಟಗಳಿಂದ ಏಳುವ ಗಂಟುಗಳೇ ಪ್ರಬಂಧದ ವಿಷಯ. ಗಂಟುಗಳ ನಂಟು ಅಲ್ಲಿಂದಲೇ ಆರಂಭವಾಯಿತೆನ್ನಬಹುದು!

ವಾಗನಿಂಗನ್ನಿನ ಕೃಷಿಶಾಲೆಯಲ್ಲಿ ಅಧ್ಯಾಪಕರಾಗಿದ್ದು, 1885ರಲ್ಲಿ ಡೆಲ್ಫ್ಟಿನ ಯೀಸ್ಟ್ ಮತ್ತು ಮದ್ಯಸಾರದ ಕಾರ್ಖಾನೆಗೆ ಸೇರಿದರು. ಬೇರುಗಂಟಿನ ಶೋಧ ನಡೆದದ್ದು ಈ ಕಾರ್ಖಾನೆಯ ಪ್ರಯೋಗಾಲಯದಲ್ಲಿ. ಯೀಸ್ಟ್ ಮಾರುವವರಿಗೆ ಅವರೆಯ ಬೇರಿನಿಂದೇನು ಲಾಭ? ಆದರೂ ಕೆಲಸಕ್ಕೆ ಎಡೆಗೊಟ್ಟ ಆ ಯಜಮಾನರನ್ನೂ ನಾವು ನೆನೆಯಬೇಕು.

ಆ ಹೊತ್ತಿಗೆ ಜರ್ಮನಿಯ ಹೆಲ್‌ರೀಗಲ್ ಮತ್ತು ವಿಲ್‌ಫಾರ್ತ್ ಅರ್ಧ ದಾರಿ ಕ್ರಮಿಸಿದ್ದರು. ಕಾಸಿದ ಮರಳಿನಲ್ಲಿ ಬಟಾಣಿ ಬಿತ್ತಿದರೆ ಗಂಟು ಮೂಡದೆ ಗಿಡ ಸೊರಗುತ್ತದೆ, ತುಸು ಹೊಲದ ಮಣ್ಣಿನ ನೀರು ಹೊಯ್ದರೆ ಗಂಟು ಮೂಡಿ ಚಿಗುರುತ್ತದೆ ಎಂದು 1886ರಲ್ಲಿ ಸಾರಿದರು. ಆದರೆ ಮಣ್ಣಿನಲ್ಲಿರುವ ಆ ಜೀವಿ ಯಾವುದು? ಬೈಯರಿಂಕ್ ಗಂಟನ್ನು ಚೆನ್ನಾಗಿ ತೊಳೆದು, ಮೇಲಿನ ಕೊಳೆಯ ಜೀವಾಣುಗಳನ್ನು ನಿವಾರಿಸಿ, ಒಳಗಿನ ತಿರುಳನ್ನು ದ್ವಿದಳ ಸಸ್ಯದ ಕಷಾಯ ಬೆರೆಸಿದ ಜೆಲಾಟಿನ್ ಮೇಲೆ ಹಚ್ಚಿದರು. 1888ರಲ್ಲಿ ಜೀವಾಣು ಕೈಗೆ ಬಂತು. ಮುಂದೆ ಅದನ್ನೇ ಅವರೆಯ ಜಾತಿಯ ಗಿಡಕ್ಕೆ ಕೊಟ್ಟು ಗಂಟು ಮೂಡುವುದನ್ನೂ ತೋರಿಸಿದರು.

ಆದರೆ ತಟ್ಟೆಯಲ್ಲಿ ಬೆಳೆದ ಅದೇ ಜೀವಾಣು ಗಾಳಿಯ ಸಾರಜನಕವನ್ನು ಹಿಡಿಯುವುದು ಮಾತ್ರ ಅವರಿಗೆ ಕಾಣಲಿಲ್ಲ. ಎಷ್ಟು ಪ್ರಯತ್ನಿಸಿದರೂ ಇಲ್ಲ. ಜರ್ಮನಿಯವರ ಫಲಿತಾಂಶ ಎದುರಿಗಿತ್ತು. ಹೌದೆಂದು ಸೇರಿಸಿಬಿಟ್ಟಿದ್ದರೆ ಕೇಳುವವರು ಯಾರೂ ಇರಲಿಲ್ಲ. ಬೈಯರಿಂಕ್ ಹಾಗೆ ಮಾಡದೆ, ಕಾಣದ್ದನ್ನು ಕಂಡಿಲ್ಲವೆಂದೇ ಬರೆದರು. ನಮ್ಮ ದೃಷ್ಟಿಯಲ್ಲಿ ಈ ಸಂಯಮ ಅವರ ಶೋಧದಷ್ಟೇ ದೊಡ್ಡದು.

1895ರಲ್ಲಿ ಡೆಲ್ಫ್ಟಿನಲ್ಲಿ ಪ್ರಾಧ್ಯಾಪಕರಾದರು. 1898ರಲ್ಲಿ ಹೊಗೆಸೊಪ್ಪಿನ ಚುಕ್ಕೆರೋಗಕ್ಕೆ ಜೀವಾಣುವಿಗಿಂತ ಬೇರೆಯೇ ಆದ ಕಾರಣವಿದೆಯೆಂದು ತೋರಿಸಿ ವೈರಸ್ ಶಾಸ್ತ್ರಕ್ಕೆ ಬುನಾದಿ ಹಾಕಿದರು. ತಂದೆಯನ್ನು ಮುಳುಗಿಸಿದ ಹೊಗೆಸೊಪ್ಪು ಮಗನಿಗೆ ಕೀರ್ತಿ ತಂದಿತು. ಮನುಷ್ಯ ಮಾತ್ರ ಕಠಿಣ. ಮದುವೆಯಾಗಲಿಲ್ಲ, ಸೋದರಿಯರ ಜತೆ ಬಾಳಿದರು. ಶಿಷ್ಯರನ್ನು ಕಟುವಾಗಿ ಗದರಿಸುತ್ತಿದ್ದರು. ಅಧ್ಯಾಪಕರಾದ ನಮಗೆ ಈ ಗುಣ ಅನುಕರಣೀಯವೆಂದು ತೋರುವುದಿಲ್ಲ.

ಅವರು ಹಾಕಿಕೊಟ್ಟ ಕ್ರಮವೇ ಇಂದಿಗೂ ನಡೆದಿದೆ. ಮುರಕಲ್ಲಿನ ನಮ್ಮ ನಾಡಿನಂತೆ ಮಳೆ ಜೋರಾದಲ್ಲಿ ಸುಣ್ಣದ ಅಂಶ ತೊಳೆದುಹೋಗಿ ಮಣ್ಣು ಹುಳಿಯಾಗುತ್ತದೆ. ಹುಳಿ ಹೆಚ್ಚಿದರೆ ಅಲ್ಯುಮಿನಿಯಂ ಕರಗಿ ಬೇರಿಗೂ ಜೀವಾಣುವಿಗೂ ಕಂಟಕ. ಸಾರಜನಕ ಹಿಡಿಯಲು ಬೇಕಾದ ಮಾಲಿಬ್ಡಿನಂ ಮಣ್ಣಿನಲ್ಲಿದ್ದರೂ ದೊರೆಯದು. ಬಟಾಣಿ, ಕುದುರೆಮಸಾಲೆಗಳ ಬೇಗ ಬೆಳೆಯುವ ಜೀವಾಣುಗಳು ಸಾಮಾನ್ಯವಾಗಿ ಇದಕ್ಕೆ ಬೇಗ ಸೋಲುತ್ತವೆ. ಅಲಸಂಡೆಯ ನಿಧಾನವಾಗಿ ಬೆಳೆಯುವ ಜೀವಾಣುಗಳು ಹೆಚ್ಚು ತಾಳುತ್ತವೆ. ಆದುದರಿಂದಲೇ ಹುಳಿ ಮಣ್ಣಿನಲ್ಲಿ ಚೆನ್ನಾಗಿ ಬಂದ ಗಿಡದ ಗಂಟನ್ನು ಹುಡುಕಿ, ಬೈಯರಿಂಕರಂತೆ ತೊಳೆದು ಜಜ್ಜಿ, ತಟ್ಟೆಯಲ್ಲಿ ಬೆಳೆಸಿ, ತಾಳಿಕೆ ಪರೀಕ್ಷಿಸುತ್ತಾರೆ. ಹೀಗೆ ಆಯ್ದ ಜೀವಾಣುವನ್ನು ಗಂಜಿತಿಳಿಯಲ್ಲಿ ಕಲಸಿ ಬೀಜಕ್ಕೆ ಸವರಿ, ಮೇಲೆ ಸುಣ್ಣಕಲ್ಲಿನ ನುಣ್ಣನೆಯ ಪುಡಿ ಲೇಪಿಸಿ ನೆರಳಲ್ಲಿ ಒಣಗಿಸಿ ಬಿತ್ತುವುದುಂಟು. ಸುಟ್ಟ ಸುಣ್ಣ ಆಗದು, ಜೀವಾಣು ಸತ್ತುಹೋಗುತ್ತದೆ.

1901ರಲ್ಲಿ ಬೈಯರಿಂಕ್, ಗಿಡದ ಹಂಗಿಲ್ಲದೆ ಸಾರಜನಕ ಹಿಡಿಯುವ ಅಜೋಟೊಬ್ಯಾಕ್ಟರ್ ಎಂಬ ಜೀವಾಣುವನ್ನೂ ವಿವರಿಸಿದರು. ಅದಕ್ಕೆ ಹುಳಿ ಮಣ್ಣು ಹಿಡಿಸದು. 1939ರಲ್ಲಿ ಸ್ಟಾರ್ಕಿ ಮತ್ತು ಡೇ ಎಂಬವರು ಅಂದಿನ ಭಾರತದ ಭತ್ತದ ಗದ್ದೆಗಳಿಂದ ಹುಳಿಯನ್ನು ತಾಳುವ ಅಂಥದೇ ಜೀವಾಣುವನ್ನು ವರದಿ ಮಾಡಿದರು. 1950ರಲ್ಲಿ ಆ ಕುಲಕ್ಕೆ ಬೈಯರಿಂಕಿಯ ಎಂದು ಹೆಸರಾಯಿತು.

1921ರಲ್ಲಿ ನಿವೃತ್ತರಾಗಿ ಗೋರ್ಸೆಲ್ ಎಂಬ ಹಳ್ಳಿಗೆ ಹೋದ ಬೈಯರಿಂಕ್, 1931ರ ಜನವರಿ 1ರಂದು ತೀರಿಕೊಂಡರು. ತಟ್ಟೆಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 1975ರಲ್ಲಿ. ಆಮ್ಲಜನಕವನ್ನು ಬಹಳ ತಗ್ಗಿಸಿದಾಗ ಬೇರುಗಂಟಿನ ಜೀವಾಣು ಗಿಡವಿಲ್ಲದೆಯೂ ಸಾರಜನಕ ಹಿಡಿಯಿತು. ಹಾಗೆ ಹಿಡಿದು ತೋರಿಸಿದ್ದು ಬಟಾಣಿಯದಲ್ಲ, ಅಲಸಂಡೆ ವರ್ಗದ ಜೀವಾಣು.