ಲೆಕ್ಕದಲ್ಲಿ ಹಿಂದೆ, ಗೆಳೆತನದಲ್ಲಿ ಮುಂದೆ: ಮುನ್ಷಿ ಪ್ರೇಮಚಂದ್

ನಮ್ಮ ಮನೆಯ ಕಪಾಟಿನಲ್ಲಿ ನಾನಾ ಬಿಟ್ಟುಹೋದ ಒಂದು ಹಳೆಯ ಉರ್ದು ಪುಸ್ತಕವಿದೆ. ರಟ್ಟು ಕಿತ್ತುಹೋಗಿದೆ. ಅದು ಮುನ್ಷಿ ಪ್ರೇಮಚಂದ್ ಅವರ ಕಥೆಗಳ ಪುಸ್ತಕ ಎಂದು ಅಮ್ಮಿ ಹೇಳುತ್ತಾರೆ. ಮನೆಯಲ್ಲಿ ನಾವು ಮಾತಾಡುವುದೆಲ್ಲ ಉರ್ದುವೇ. ಆದರೆ ನಾನು ಒಂದನೇ ತರಗತಿಯಿಂದ ಕನ್ನಡ ಮಾಧ್ಯಮದಲ್ಲಿ ಓದಿದ್ದು. ಅರಬಿ ಕಲಿತಿರುವುದರಿಂದ ಅಕ್ಷರಗಳ ಗುರುತು ಸಿಗುತ್ತದೆ, ಆದರೆ ಜೇರ್ ಜಬರ್ ಇಲ್ಲದ ಉರ್ದು ಸಾಲು ನನ್ನ ನಾಲಿಗೆಗೆ ಬರುವುದಿಲ್ಲ. ಹೈಸ್ಕೂಲಿನಲ್ಲಿ ಹಿಂದಿ ಮೇಷ್ಟ್ರು ಇದೇ ಪ್ರೇಮಚಂದರ 'ಈದ್‌ಗಾಹ್' ಕಥೆ ಹೇಳಿದಾಗ, ಒಬ್ಬರೇ ಲೇಖಕರು ಎರಡು ಭಾಷೆಯಲ್ಲಿ ಹೇಗೆ ಇರುತ್ತಾರೆ ಎಂದು ಆಶ್ಚರ್ಯವಾಗಿತ್ತು.

ಈ ವರ್ಷ ಮೊದಲ ಟೆಸ್ಟಿನಲ್ಲಿ ನನಗೆ ಗಣಿತದಲ್ಲಿ ಬಂದ ಅಂಕವನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಆ ದಿನಗಳಲ್ಲೇ ಪ್ರೇಮಚಂದರ ಜೀವನವನ್ನು ಓದಿದೆ. ಅವರಿಗೂ ಗಣಿತ ಬೆಟ್ಟದಂತೆ ಕಂಡಿತ್ತು ಎಂದು ತಿಳಿದ ಮೇಲೆ ಅವರು ನನಗೆ ತುಂಬಾ ಹತ್ತಿರದವರಾದರು.

ಅವರ ನಿಜವಾದ ಹೆಸರು ಧನಪತ್ ರಾಯ್. 1880ರ ಜುಲೈ 31ರಂದು ಬನಾರಸ್ ಹತ್ತಿರದ ಲಮಹಿ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆ ಅಂಚೆ ಇಲಾಖೆಯಲ್ಲಿ ಗುಮಾಸ್ತರು. ಚಿಕ್ಕಂದಿನಲ್ಲಿ ಮೌಲ್ವಿ ಸಾಹೇಬರೊಬ್ಬರ ಬಳಿ ಉರ್ದು, ಫಾರ್ಸಿ ಕಲಿತರು. ಎಂಟು ವರ್ಷದ ಹೊತ್ತಿಗೆ ತಾಯಿ ತೀರಿಕೊಂಡರು. ಆಮೇಲೆ ಆ ಹುಡುಗನಿಗೆ ಜೊತೆಯಾದದ್ದು ಪುಸ್ತಕಗಳು.

ತಂದೆಗೆ ಗೋರಖ್‌ಪುರಕ್ಕೆ ವರ್ಗವಾದಾಗ ಅಲ್ಲಿ ಬುದ್ಧಿಲಾಲ್ ಎಂಬವರ ಪುಸ್ತಕದಂಗಡಿ ಸಿಕ್ಕಿತು. ಸುಮಾರು ಹದಿಮೂರು ವರ್ಷದ ಹುಡುಗ ಅಂಗಡಿಯಲ್ಲೇ ಕುಳಿತು ಕಾದಂಬರಿ ಓದುತ್ತಿದ್ದ. ಆದರೆ ಎಷ್ಟು ಹೊತ್ತು ಅಂತ ಅಲ್ಲಿ ಕೂರುವುದು? ಅದಕ್ಕೆ ಒಂದು ವ್ಯಾಪಾರ ಮಾಡಿಕೊಂಡ. ಅಂಗಡಿಯಿಂದ ಇಂಗ್ಲಿಷ್ ಗೈಡು, ನೋಟ್ಸುಗಳನ್ನು ಶಾಲೆಗೆ ಒಯ್ದು ಹುಡುಗರಿಗೆ ಮಾರಿಕೊಡುವುದು, ಅದಕ್ಕೆ ಬದಲಾಗಿ ಕಾದಂಬರಿಗಳನ್ನು ಮನೆಗೆ ತಂದು ಓದುವುದು. ಕಾಮರ್ಸ್ ವಿದ್ಯಾರ್ಥಿಯಾದ ನನಗೆ ಈ ಉಪಾಯ ತುಂಬಾ ಹಿಡಿಸಿತು. ಹೀಗೆ ಎರಡು ಮೂರು ವರ್ಷಗಳಲ್ಲಿ ಸರ್ಶಾರ್, ಶರರ್, ರುಸ್ವಾ ಇವರನ್ನೆಲ್ಲ ಓದಿದರು, ಇಂಗ್ಲಿಷಿನ ರೆನಾಲ್ಡ್ಸ್‌ನ ಉರ್ದು ಅನುವಾದಗಳನ್ನೂ 'ತಿಲಿಸ್ಮ್-ಎ-ಹೋಶ್‌ರುಬಾ'ದ ಸಂಪುಟಗಳನ್ನೂ ಓದಿದರು. ಪುರಾಣಗಳನ್ನು ಅವರು ಓದಿದ್ದು ಕೂಡ ಉರ್ದು ಅನುವಾದದಲ್ಲೇ.

ಮೆಟ್ರಿಕ್ಯುಲೇಷನ್‌ನಲ್ಲಿ ಎರಡನೇ ದರ್ಜೆ ಬಂತು. ಬನಾರಸಿನ ಕ್ವೀನ್ಸ್ ಕಾಲೇಜಿನಲ್ಲಿ ಶುಲ್ಕ ವಿನಾಯಿತಿ ಇದ್ದದ್ದು ಮೊದಲ ದರ್ಜೆಯವರಿಗೆ ಮಾತ್ರ. ಇನ್ನೊಂದು ಕಾಲೇಜಿನ ಬಾಗಿಲು ಗಣಿತದಿಂದಾಗಿ ಮುಚ್ಚಿತು. ಅಷ್ಟರಲ್ಲಿ ತಂದೆಯೂ ಇರಲಿಲ್ಲ. ತಿಂಗಳಿಗೆ ಐದು ರೂಪಾಯಿಯ ಟ್ಯೂಷನ್ ಹೇಳಿಕೊಂಡು, ಅದರಲ್ಲೇ ಮನೆಗೂ ಕಳಿಸಬೇಕಾಗಿತ್ತು. ಒಂದು ಸಂಜೆ ಕೈಯಲ್ಲಿ ಕಾಸಿಲ್ಲದೆ, ತಾವು ಕೊಂಡಿದ್ದ ಗಣಿತದ ಗೈಡನ್ನೇ ಒಂದು ರೂಪಾಯಿಗೆ ಮಾರಿದರು. ಅದೇ ಅಂಗಡಿಯಲ್ಲಿ ಒಬ್ಬ ಹೆಡ್‌ಮಾಸ್ಟರ್ ಸಿಕ್ಕಿ, ಚುನಾರ್‌ನ ಶಾಲೆಯಲ್ಲಿ ತಿಂಗಳಿಗೆ 18 ರೂಪಾಯಿಯ ಮಾಸ್ತರಿಕೆ ಕೊಟ್ಟರು. ಇದು 1899ರಲ್ಲಿ. ಗಣಿತ ಕಡ್ಡಾಯವಾಗಿದ್ದಷ್ಟು ಕಾಲ ಅವರಿಗೆ ಇಂಟರ್ ಮುಗಿಸಲು ಆಗಲಿಲ್ಲ. ಅದು ಐಚ್ಛಿಕವಾದ ಮೇಲೆ 1916ರಲ್ಲಿ ಇಂಟರ್, 1919ರಲ್ಲಿ ಬಿ.ಎ. ಪಾಸು ಮಾಡಿದರು. ಆಗ ಅವರ ವಯಸ್ಸು 39.

1905ರಲ್ಲಿ ಕಾನ್ಪುರಕ್ಕೆ ವರ್ಗವಾಗಿ ಬಂದದ್ದು ಅವರ ಬದುಕಿನ ದೊಡ್ಡ ತಿರುವು. ಅಲ್ಲಿ 'ಜಮಾನಾ' ಎಂಬ ಉರ್ದು ಪತ್ರಿಕೆಯ ಸಂಪಾದಕ ದಯಾನಾರಾಯಣ್ ನಿಗಮ್ ಗೆಳೆಯರಾದರು. ಶಾಲೆ ಬಿಟ್ಟ ಮೇಲೆ 'ಜಮಾನಾ' ಬಳಗದ ಕವಿಗಳು, ಲೇಖಕರೊಡನೆ ಮಾತು, ಚರ್ಚೆ, ನಗು. ಅವರ ನಗು ಜೋರಿನದಂತೆ, ಪಕ್ಕದ ಕೋಣೆಗೂ ಕೇಳುವಂಥದ್ದು. 1906ರಲ್ಲಿ ಬಾಲವಿಧವೆಯಾಗಿದ್ದ ಶಿವರಾಣಿ ದೇವಿಯವರನ್ನು ಮದುವೆಯಾದರು. ಆ ಕಾಲಕ್ಕೆ ಅದು ಸಣ್ಣ ಧೈರ್ಯವಲ್ಲ. ಶಿವರಾಣಿಯವರು ಮುಂದೆ ತಾವೂ ಕಥೆ ಬರೆದರು, ಗಂಡನ ಮನೆಬದುಕಿನ ಬಗ್ಗೆ ಒಂದು ಪುಸ್ತಕವನ್ನೂ ಬರೆದರು.

ಆಗ ಅವರು ನವಾಬ್ ರಾಯ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದರು. 1908ರಲ್ಲಿ ಬಂದ 'ಸೋಜ್-ಎ-ವತನ್' ಎಂಬ ಕಥಾಸಂಗ್ರಹದಲ್ಲಿ ದೇಶಪ್ರೇಮವಿತ್ತು. ಬ್ರಿಟಿಷ್ ಕಲೆಕ್ಟರ್ ಕರೆಸಿದರು. ಎತ್ತಿನ ಗಾಡಿಯಲ್ಲಿ ರಾತ್ರಿಯೆಲ್ಲ ಪ್ರಯಾಣ ಮಾಡಿ ಹೋಗಿ ಅಧಿಕಾರಿಯ ಮುಂದೆ ನಿಂತರು. ಮಾರಾಟವಾಗದೆ ಉಳಿದಿದ್ದ ಸುಮಾರು 700 ಪ್ರತಿಗಳನ್ನು ಒಪ್ಪಿಸಬೇಕಾಯಿತು, ಇನ್ನು ಮುಂದೆ ಕೇಳದೆ ಬರೆಯಬಾರದು ಎಂದು ಅಪ್ಪಣೆಯಾಯಿತು. ಆಗ ಪ್ರೇಮಚಂದ್ ಎಂಬ ಹೊಸ ಹೆಸರು ಸೂಚಿಸಿದವರು ಗೆಳೆಯ ನಿಗಮ್. ಇಂದು ನಮಗೆಲ್ಲ ಗೊತ್ತಿರುವ ಹೆಸರು ಒಬ್ಬ ಸ್ನೇಹಿತ ಕೊಟ್ಟದ್ದು! ಮನೆಯ ಕಷ್ಟ, ಹೊಟ್ಟೆನೋವು, ಹಣದ ಚಿಂತೆ ಎಲ್ಲವನ್ನೂ ಅವರು ಕೊನೆಯವರೆಗೆ ನಿಗಮ್ ಅವರಿಗೆ ಪತ್ರದಲ್ಲಿ ಬರೆಯುತ್ತಿದ್ದರು.

ಮುಂದೆ ಅವರು ಹಿಂದಿಯಲ್ಲೂ ಬರೆಯತೊಡಗಿದರು. ಹಾಗೆಂದು ಉರ್ದುವನ್ನು ಬಿಡಲಿಲ್ಲ. 'ಬಾಜಾರ್-ಎ-ಹುಸ್ನ್' ಕಾದಂಬರಿಯನ್ನು ಮೊದಲು ಬರೆದದ್ದು ಉರ್ದುವಿನಲ್ಲಿ, ಆದರೆ ಮೊದಲು ಅಚ್ಚಾದದ್ದು ಹಿಂದಿಯಲ್ಲಿ, 'ಸೇವಾಸದನ'ವಾಗಿ. ಉರ್ದು ರೂಪವನ್ನು ಹೊರತರುವ ಬಗ್ಗೆ ಲಾಹೋರಿನ ಇಮ್ತಿಯಾಜ್ ಅಲಿ ತಾಜ್ ಅವರೊಡನೆ ಪತ್ರ ವ್ಯವಹಾರ ನಡೆಸಿದರು. ತಾಜ್ ಅವರಿಗಿಂತ ಇಪ್ಪತ್ತು ವರ್ಷ ಚಿಕ್ಕವರು, ಆದರೂ ಸಮಾನರಂತೆ ಬರೆಯುತ್ತಿದ್ದರು.

1921ರಲ್ಲಿ ಗೋರಖ್‌ಪುರದಲ್ಲಿ ಗಾಂಧೀಜಿಯವರ ಭಾಷಣ ಕೇಳಿ, ಶಿವರಾಣಿಯವರ ಒಪ್ಪಿಗೆ ಪಡೆದು, ಸರಕಾರಿ ಕೆಲಸಕ್ಕೆ ರಾಜೀನಾಮೆ ಕೊಟ್ಟರು. 1923ರಲ್ಲಿ ಬನಾರಸಿನಲ್ಲಿ ಸರಸ್ವತಿ ಪ್ರೆಸ್ ಶುರು ಮಾಡಿದರು. 1930ರಲ್ಲಿ 'ಹಂಸ್' ಪತ್ರಿಕೆ ತಂದರು. ನಮ್ಮ ಅಕೌಂಟೆನ್ಸಿ ಭಾಷೆಯಲ್ಲಿ ಹೇಳುವುದಾದರೆ ಎರಡರಲ್ಲೂ ನಷ್ಟವೇ. ಬೆಳಿಗ್ಗೆ ಎದ್ದು ಬರೆಯುವುದು, ಆಮೇಲೆ ಪ್ರೆಸ್ಸಿನ ಕೆಲಸ, ಪ್ರೂಫ್, ಸಾಲಗಾರರು. ಚಳಿಗಾಲಕ್ಕೆ ಬೆಚ್ಚನೆಯ ಬಟ್ಟೆ ಹೊಲಿಸಿಕೊಳ್ಳಲು ಶಿವರಾಣಿಯವರು ಕೊಟ್ಟ ಹಣವನ್ನು ಪ್ರೆಸ್ಸಿನ ಕೆಲಸಗಾರರಿಗೆ ಕೊಟ್ಟು ಬಂದಿದ್ದರು. ಹೆಂಡತಿಗೆ ಸಿಟ್ಟು ಬಂದದ್ದರಲ್ಲಿ ತಪ್ಪೇನೂ ಇಲ್ಲ.

ಆದರೆ ಅವರನ್ನು ಬರೀ ಹೊಗಳಿದರೆ ಸರಿಯಾಗದು. ಸಾಲ ತೀರಿಸಲೆಂದು 1934ರಲ್ಲಿ ಬೊಂಬಾಯಿಗೆ ಹೋಗಿ, ಸಿನಿಮಾ ಕಂಪನಿಯೊಂದಕ್ಕೆ ಗಿರಣಿ ಕಾರ್ಮಿಕರ ಕಥೆ ಬರೆದರು. ಅದೇ ಕಾಲದಲ್ಲಿ ಅವರ ಸ್ವಂತ ಪ್ರೆಸ್ಸಿನ ಕೆಲಸಗಾರರು ಸಂಬಳ ಬಾಕಿಯೆಂದು ಮುಷ್ಕರ ಹೂಡಿದರು. ಒಳ್ಳೆಯ ಮನಸ್ಸಿದ್ದರೆ ಸಾಲದು, ಲೆಕ್ಕವೂ ಸರಿಯಿರಬೇಕು ಎಂದು ನನಗೆ ಇದರಿಂದ ಅನ್ನಿಸಿತು. ಸಿನಿಮಾ ಲೋಕ ಅವರಿಗೆ ಒಗ್ಗಲಿಲ್ಲ, ವರ್ಷದೊಳಗೆ ಹಿಂದಿರುಗಿದರು.

ಬನಾರಸಿನಲ್ಲಿ ಕವಿ ಜಯಶಂಕರ್ ಪ್ರಸಾದ್ ಅವರ ಸ್ನೇಹಿತರು. ಇಬ್ಬರೂ ಬೇನಿಯಾ ಬಾಗ್‌ನಲ್ಲಿ ಜೊತೆಯಾಗಿ ವಾಕಿಂಗ್ ಹೋಗುತ್ತಿದ್ದರು. ಪ್ರಸಾದರು ಇತಿಹಾಸದ ನಾಟಕಗಳನ್ನು ಬರೆದಾಗ, ಹೂತ ಹೆಣಗಳನ್ನು ಏಕೆ ಅಗೆಯುತ್ತೀರಿ ಎಂಬರ್ಥದಲ್ಲಿ ಪ್ರೇಮಚಂದರು ಟೀಕಿಸಿದ್ದರು. ಆಮೇಲೆ ಪ್ರಸಾದರು ಇಂದಿನ ಸಮಾಜದ ಬಗ್ಗೆ 'ಕಂಕಾಲ್' ಕಾದಂಬರಿ ಬರೆದಾಗ ಮನಸಾರೆ ಹೊಗಳಿದರು. ಟೀಕೆಯಿಂದ ಅವರ ಸ್ನೇಹ ಮುರಿಯಲಿಲ್ಲ. ನಮ್ಮಲ್ಲಿ ಗ್ರೂಪಿನ ಒಂದು ಮೆಸೇಜಿಗೇ ಮಾತು ಬಿಡುವವರಿದ್ದಾರೆ.

1936ರ ಏಪ್ರಿಲ್‌ನಲ್ಲಿ ಲಖನೌದಲ್ಲಿ ಪ್ರಗತಿಶೀಲ ಲೇಖಕರ ಮೊದಲ ಸಮ್ಮೇಳನ ನಡೆಯಿತು. ಸಜ್ಜಾದ್ ಜಹೀರ್ ಮುಂತಾದ ಯುವಕರು ಒತ್ತಾಯಿಸಿದ್ದರಿಂದ ಪ್ರೇಮಚಂದರು ಅಧ್ಯಕ್ಷರಾದರು. ಅದೇ ವರ್ಷ 'ಗೋದಾನ್' ಪ್ರಕಟವಾಯಿತು. ಆದರೆ ಆರೋಗ್ಯ ಕೆಟ್ಟಿತ್ತು. ಸರಕಾರ 'ಹಂಸ್' ಪತ್ರಿಕೆಗೆ ಜಾಮೀನು ಹಣ ಕೇಳಿದಾಗ, ಹಾಸಿಗೆಯಲ್ಲಿದ್ದುಕೊಂಡೇ ಹಣ ಕಟ್ಟಿಸಿ ಪತ್ರಿಕೆಯನ್ನು ಉಳಿಸಿಕೊಂಡರು. ಕೊನೆಯ ರಾತ್ರಿ ಪಕ್ಕದಲ್ಲಿದ್ದವರು ಕಿರಿಯ ಲೇಖಕ ಜೈನೇಂದ್ರ ಕುಮಾರ್. ಆಗಲೂ 'ಹಂಸ್' ಬಗ್ಗೆಯೇ ಚಿಂತೆ. ಅಕ್ಟೋಬರ್ 8ರ ಬೆಳಿಗ್ಗೆ ತೀರಿಕೊಂಡರು. 56 ವರ್ಷ.

ಸ್ನೇಹಿತರೇ, ಅವರ ಲೆಕ್ಕದ ಪುಸ್ತಕ ತೆಗೆದರೆ ಉದ್ದಕ್ಕೂ ಸಾಲವೇ ಕಾಣುತ್ತದೆ. ಆದರೆ ಹೆಸರು ಕೊಟ್ಟ ಗೆಳೆಯ, ಜೊತೆಗೆ ನಡೆದ ಗೆಳೆಯ, ಕೊನೆಗೆ ಪಕ್ಕದಲ್ಲಿ ಕುಳಿತ ಗೆಳೆಯ, ಇವರನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕೆಂದು ನನಗೆ ಇನ್ನೂ ಗೊತ್ತಾಗಿಲ್ಲ. ಗಣಿತವನ್ನು ನಾನು ಬಿಡುವ ಹಾಗಿಲ್ಲ, ಎರಡನೇ ಟೆಸ್ಟಿಗೆ ಗೆಳೆಯರ ಜೊತೆ ಕುಳಿತು ಓದುತ್ತಿದ್ದೇನೆ. ರಾತ್ರಿ ಊಟವಾದ ಮೇಲೆ ದಾದಿಯ ಬಳಿ ನಾನಾನ ಪುಸ್ತಕ ತೆಗೆಯುತ್ತೇನೆ. ದಿನಕ್ಕೆ ಅರ್ಧ ಪುಟ. ದಾದಿ ತಪ್ಪು ತಿದ್ದಿ ನಗುತ್ತಾರೆ. ಸದ್ಯ ಹನ್ನೊಂದನೇ ಪುಟದಲ್ಲಿದ್ದೇವೆ.